ಎಡಗಡೆಯ ಲಿವರ್

ಎಂಜಿನ್ ವಿಷಯದಲ್ಲಿ ನಾನು ಕಥೆ ಕಟ್ಟುವವನಲ್ಲ. ಉತ್ತರ ನಾರ್ವೆಯ ನಮ್ಮೂರು ಕೌಟೊಕೆಯ್ನೊದ ಇಸ್ಸಾತ್ ತೀರಿಕೊಂಡ ಮೇಲೆ, ಹಿಮದ ಮೇಲೆ ಓಡುವ ಅವನ ಸ್ನೋಮೊಬೈಲ್ ಗಾಡಿಯನ್ನು ಅವನ ತಮ್ಮ ನಿಲ್ಲಾಸನಿಂದ ಕೊಂಡೆ. ಹಿಂದೊಮ್ಮೆ ಹಿಮಸಾರಂಗಕ್ಕೆ ಎಸೆದ ಹಗ್ಗ ಸುತ್ತಿಕೊಂಡು ಇಸ್ಸಾತನ ಬಲಗೈ ಹೆಬ್ಬೆರಳೇ ಹೋಗಿತ್ತು. ಅದಕ್ಕೇ ಅವನು ಹೆಬ್ಬೆರಳಲ್ಲಿ ಒತ್ತುವ ಆಕ್ಸಿಲರೇಟರ್ ಲಿವರನ್ನು ಎಡಗಡೆಗೆ ಹಾಕಿಸಿಕೊಂಡಿದ್ದ. ನಾನು ಅದನ್ನು ಬಿಚ್ಚಿಟ್ಟು, ಎಲ್ಲರಂತೆ ಬಲಗಡೆಗೆ ಹೊಸದೊಂದನ್ನು ಕೂರಿಸಿದೆ.

ಅಂದಿನಿಂದ ಐಡ್ಲಿಂಗ್ ಇಳಿಯಲೇ ಇಲ್ಲ. ಕೈಬಿಟ್ಟರೂ ಎಂಜಿನ್ ಅರಚುತ್ತಿತ್ತು. ಗಬ್ಬದ ಹಿಮಸಾರಂಗಗಳು ಬೆದರಿ ಚೆದುರಿದವು. ಹಿಂಡನ್ನು ಕರಾವಳಿಗೆ ಹೊಡೆಯಲು ಒಂದೇ ದಿನ ಉಳಿದಿತ್ತು.

"ಲೋ ನಿಲ್ಲಾಸ್, ಗುಜರಿ ಗಾಡಿ ನನ್ನ ತಲೆಗೆ ಕಟ್ಟಿದೀಯಲ್ಲೋ!" ಎಂದು ಜಗಳಕ್ಕೆ ನಿಂತೆ.

"ಅಣ್ಣನ ಕೈಲಿ ಬೆಕ್ಕಿನ ಥರ ಗುರುಗುಡ್ತಿತ್ತು. ನೀನೇ ಏನೋ ಕಿತಾಪತಿ ಮಾಡಿದೀಯ," ಎಂದ ಅವನು.

ಇಬ್ಬರೂ ಸೇರಿ ಕಾರ್ಬೊರೇಟರ್ ಬಿಚ್ಚಿ ನೋಡಿದೆವು. ಗಾಳಿ ಎಲ್ಲೂ ಸೋರುತ್ತಿರಲಿಲ್ಲ. ಕೊನೆಗೆ ನಿಲ್ಲಾಸ್, ಎಂಜಿನ್ ಓಡುತ್ತಿರುವಾಗಲೇ, ಅದನ್ನು ಏರಿಸುವ ಕೇಬಲನ್ನೇ ಬಲಗಡೆಯ ಲಿವರಿನಿಂದ ಕಳಚಿ ಕೈಯಲ್ಲಿ ಹಿಡಿದ. ಇಳಿಯಬೇಕಿದ್ದ ಎಂಜಿನ್ ಇನ್ನೂ ಜೋರಾಯಿತು. ಬಲಗಡೆಯ ಹಿಡಿ ಮಂಜುಗಟ್ಟಿ ಬೆಳ್ಳಗಿತ್ತು. ಎಡಗಡೆಯದು ಮುಟ್ಟಿದರೆ ಬೆಚ್ಚಗಿತ್ತು.

ನಿಲ್ಲಾಸ್ ನನ್ನ ಮುಖ ನೋಡಲಿಲ್ಲ. "ಹಳೇ ಲಿವರ್ ಎಲ್ಲಿಟ್ಟಿದೀಯ? ತಗೊಂಡು ಬಾ," ಎಂದ.

ಅದನ್ನು ಎಡಗಡೆಗೆ ಬಿಗಿದ ಕೂಡಲೇ ಎಂಜಿನ್ ಇಳಿದು ಗುರುಗುಡತೊಡಗಿತು.

ಆಮೇಲೆ ಗಾಡಿ ಒಮ್ಮೆಯೂ ತಕರಾರು ಮಾಡಿಲ್ಲ. ನಾನು ಓಡಿಸುವುದು ಬಲಗೈಯಲ್ಲೇ. ಎಡಗಡೆಯ ಲಿವರಿಗೆ ಇಂದಿಗೂ ಯಾವ ಕೇಬಲನ್ನೂ ಜೋಡಿಸಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಗಾಡಿ ಮಂಜಿನಲ್ಲಿ ಮುಚ್ಚಿರುತ್ತದೆ, ಅದೊಂದನ್ನು ಬಿಟ್ಟು.