ಎರಡನೇ ನಂಬರಿನ ಕೊಕ್ಕೆ

“ಈ ಕೆಂಪು ಟೇಪ್ ಸುತ್ತಿದ್ದು ಯಾರು?”

ಬತಾಂಗಾಸ್‌ನ ಆ ಆಸ್ಪತ್ರೆಗೆ ಸಲಕರಣೆ ರಿಪೇರಿಗೆಂದು ಹೊಸದಾಗಿ ಬಂದಿದ್ದ ದಾದೋ, ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಎರಡನೇ ನಂಬರಿನ, ಮೊಳದುದ್ದದ ಕರಿ ಕೊಕ್ಕೆ. ಹೊಟ್ಟೆಗೆ ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ, ಒಳಗೆ ಕರೆಂಟಿನಿಂದ ಕೊಯ್ಯುವ ಕೊಕ್ಕೆ ಅದು.

“ನಾನೇ, ಕುಯಾ,” ಎಂದಳು ಅಲ್ಲಿ ಸಲಕರಣೆ ತೊಳೆದು ಪರೀಕ್ಷಿಸುವ ಮರಿವಿಕ್.

ಕುಯಾ ಎಂದರೆ ಅಣ್ಣ. ಚೆಲುವರನ್ನು ದೂರವಿಡಲು ಅಲ್ಲಿನ ಹುಡುಗಿಯರಿಗೆ ಇದಕ್ಕಿಂತ ಸಲೀಸಾದ ಬೇಲಿ ಇಲ್ಲ.

“ಕರೆಂಟು ತಡೆಯೋ ಹೊದಿಕೇಲಿ ತೂತಿದೆ,” ಎಂದು ಕೊಕ್ಕೆಯತ್ತ ಬೆರಳು ತೋರಿಸಿದಳು.

“ಕಾಣ್ತಿಲ್ಲವಲ್ಲ?”

“ಕಾಣೋ ಹಾಗಿದ್ದಿದ್ರೆ ಭಯ ಯಾಕೆ? ತೂತು ಹುಡುಕೋ ಮಿಷನ್ ಕೂಗ್ತು. ಕರೆಂಟು ಅಲ್ಲಿಂದ ಸೋರಿ, ಕ್ಯಾಮೆರಾಗೆ ಕಾಣದ ಕಡೆ ಕರುಳು ಸುಡುತ್ತೆ. ರೋಗಿ ನಗ್ತಾ ಮನೆಗೆ ಹೋಗ್ತಾನೆ. ಮೂರನೇ ದಿನ ಜ್ವರ...”

ಅವನ ನಗು ಇಳಿಯಿತು. “ಇರೋದೇ ಎರಡು ಕೊಕ್ಕೆ,” ಎಂದು ಗೊಣಗುತ್ತ ಒಯ್ದ.

ಮಾರನೇ ದಿನವೇ ಆ ಎರಡನೇ ನಂಬರಿನ ಕೊಕ್ಕೆ ಟ್ರೇಗೆ ಮರಳಿತು. ಕೆಂಪು ಟೇಪು ಕಸದ ಬುಟ್ಟಿಯಲ್ಲಿತ್ತು. ಪರೀಕ್ಷಿಸುವ ಮಿಷನ್ನನ್ನೂ ಅವನು ಸರ್ವಿಸ್‌ಗೆಂದು ಮನಿಲಾಗೆ ಕಳಿಸಿಬಿಟ್ಟಿದ್ದ.

‘ಇವನೂ ಮುಚ್ಚಿಹಾಕುವವನೇ...’

ಮರಿವಿಕ್ ಅದನ್ನು ಕಪಾಟಿನಲ್ಲಿ ಅಡಗಿಸಿ, ಒಂದನೇ ನಂಬರನ್ನಷ್ಟೇ ಆಪರೇಷನ್‌ಗೆ ಕಳಿಸತೊಡಗಿದಳು. ದಿನಾ ಬೆಳಿಗ್ಗೆ ಅವನು ತಂದಿಡುತ್ತಿದ್ದ ಬಿಸಿ ಪಾಂದೆಸಾಲ್ ಬನ್ನುಗಳು ತಣ್ಣಗಾಗಿ ಬಿದ್ದಿರುತ್ತಿದ್ದವು. ಕುಯಾ ಎಂಬ ಬೇಲಿಗೆ ಈಗ ಮುಳ್ಳೂ ಬಂದಿತ್ತು.

ಐದನೇ ದಿನ ಮಧ್ಯಾಹ್ನ ಮಿಷನ್ ಮರಳಿತು. ಜೊತೆಗೇ ನಾಳೆಯ ಆಪರೇಷನ್ ಪಟ್ಟಿಯೂ ಬಂತು. ಮೊದಲ ಹೆಸರು: ದಾದೋ. ಪಿತ್ತಕೋಶದಲ್ಲಿ ಕಲ್ಲು.

ಅವಳು ಕಪಾಟು ತೆರೆದಳು. ಎರಡನೇ ನಂಬರನ್ನು ಮಿಷನ್ನಿಗೆ ಹಿಡಿದಳು. ಮೌನ. ಇನ್ನೊಮ್ಮೆ ಹಿಡಿದಳು. ಮೌನವೇ.

ಒಂದನೇ ನಂಬರು ಹಿಡಿದಳು.

ಮಿಷನ್ ಕೂಗಿತು.

ಈ ಐದು ದಿನ ಅವಳು ನಂಬಿ ಕಳಿಸಿದ್ದು ಅದನ್ನೇ. ಹೆಡ್ ನರ್ಸಿಗೆ ಹೇಳಿ, ಅದರಿಂದ ಕೊಯ್ಸಿಕೊಂಡಿದ್ದ ಇಬ್ಬರಿಗೂ ಫೋನ್ ಹಚ್ಚಿದಳು. ಜ್ವರವಿರಲಿಲ್ಲ. ಆದರೂ ಅವರನ್ನು ಪರೀಕ್ಷೆಗೆ ಕರೆಸಿದರು. ಒಂದನೇ ನಂಬರಿಗೆ ಕೆಂಪು ಟೇಪು ಸುತ್ತುವಾಗ ಅದು ಅವಳ ಬೆರಳಿಗೇ ಅಂಟುತ್ತಿತ್ತು.

ವಾರ್ಡಿನಲ್ಲಿ ದಾದೋ ಗೋಡೆಗೊರಗಿ ಕೂತಿದ್ದ.

“ಎರಡನೇ ನಂಬರಿಗೆ ಏನು ಮಾಡಿದ್ರಿ?”

“ಹೊಸ ಹೊದಿಕೆ ತೊಡಿಸ್ದೆ. ಮಿಷನ್ ಕಳಿಸೋ ಮುಂಚೆ ಅದರಲ್ಲೇ ನಲವತ್ತು ಸಲ ಹಿಡಿದು ನೋಡ್ದೆ.”

“ನನಗೆ ಹೇಳಬಾರದಿತ್ತಾ?”

“ಹೇಳೋಕೆ ಬಾಯಿ ತೆಗೆದಾಗಲೆಲ್ಲ ಕುಯಾ ಅಂತಿದ್ದೆ. ಬಾಯಿ ಮುಚ್ಚಿಹೋಗ್ತಿತ್ತು.” ಅವನ ದನಿ ತಗ್ಗಿತು. “ನಾಳೆ ನನಗೆ ಯಾವ ಕೊಕ್ಕೆ?”

“ನೀವು ರಿಪೇರಿ ಮಾಡಿದ್ದೇ.”

“ನಂಬ್ತೀಯಾ?”

ಉತ್ತರಕ್ಕೆ ಇನ್ನೂ ಮೂರು ದಿನವಿತ್ತು.

ಆಪರೇಷನ್ ಆದ ಮೊದಲ ದಿನ ಅವನು ನಕ್ಕ. ಅವಳು ನಗಲಿಲ್ಲ. ಎರಡನೇ ದಿನ ಗಂಜಿ ಕುಡಿದ. ಅವಳು ಥರ್ಮಾಮೀಟರು ಝಾಡಿಸಿದಳು.

ಮೂರನೇ ದಿನ ಬೆಳಿಗ್ಗೆ ಅವನ ಹಣೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು...

“ಜ್ವರ ಇದೆಯಾ?”

“ಇಲ್ಲ.”

“ಮತ್ತೆ ಕೈ ತೆಗೀತಿಲ್ಲ?”

“ನಾನು ಯಾವುದನ್ನೂ ಒಂದೇ ಸಲ ನೋಡಿ ಬಿಡಲ್ಲ, ದಾದೋ.”

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. “ಕುಯಾ ಎಲ್ಲಿ ಹೋದ?”

“ಟೇಪಿನ ಜೊತೆ... ಕಸದ ಬುಟ್ಟಿಗೆ.”