ಪಟ್ಟಿಯ ಹಿಂದಿನ ಸೊಟ್ಟ ತೂತು

“ಸೆನ್ಸರ್ ಕೂರಿಸ್ಬೇಕಿತ್ತು...”

ಆ ದನಿ ಕೇಳಿದ್ದೇ ತಡ, ಮಿಸ್ತ್ರಿಯ ಮಗಳ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

ಎರಡು ವರ್ಷದ ನಂತರ ವರ್ಕ್‌ಶಾಪಿನ ಬಾಗಿಲಲ್ಲಿ ಅವನು! ಮಾತು ಕಮ್ಮಿ ಎಂದು ಬಂದರಿನವರೆಲ್ಲ ಗುಮ್ಮ ಎಂದು ಕರೆಯುವ ಮೀನುಗಾರ. ಹೆಣ್ಣು ಕೇಳಲು ಮನೆಗೆ ಬರುತ್ತೇನೆಂದು ಹೇಳಿ, ಬಾರದೇ ಹೋದ ಮಹಾನುಭಾವ.

ಅವತ್ತು ಅಪ್ಪ ಇಸ್ತ್ರಿ ಶರಟು ಹಾಕಿಕೊಂಡು ಸಂಜೆಯವರೆಗೂ ದಾರಿ ಕಾದಿದ್ದರು. ನೆಂಟರೆದುರು ಮುಖ ಎತ್ತಲಾಗದೆ ಕೂತಿದ್ದ ಆ ಅಪ್ಪನನ್ನು ಅವಳು ಮರೆತಿರಲಿಲ್ಲ.

“ಬೋಟ್ ಒಳಗೆ ತಗೊಂಡು ಬಾ,” ಎಂದಳು.

ಸಿಕ್ಕಿದೆಯಲ್ಲ ಮಗನೇ ನನ್ನ ಕೈಗೆ...

ಮೀನು ಎಲ್ಲಿದೆ, ನೀರು ಎಷ್ಟು ಆಳವಿದೆ ಎಂದು ಪರದೆಯ ಮೇಲೆ ತೋರಿಸುವ ಯಂತ್ರವೊಂದು ಅವನ ಬೋಟಿನಲ್ಲಿತ್ತು. ಬೋಟಿನ ಹಿಂಬದಿ, ನೀರಿನೊಳಗೆ ಕೂರಿಸುವ ಅಂಗೈಯಗಲದ ಸೆನ್ಸರೇ ಅದರ ಕಣ್ಣು. ಬೋಟಿನ ತಳದುದ್ದಕ್ಕೂ ಇರುವ ಉಬ್ಬು ಪಟ್ಟಿಯ ನೇರಕ್ಕೆ ಮಾತ್ರ ಅದನ್ನು ಕೂರಿಸಬಾರದು. ಬೋಟು ಜೋರಾಗಿ ಓಡುವಾಗ ಪಟ್ಟಿಯ ಹಿಂದೆ ಗುಳ್ಳೆ ಎದ್ದು ಆ ಕಣ್ಣು ಕುರುಡಾಗುತ್ತದೆ. ನಿಂತಲ್ಲೇ ಪರೀಕ್ಷಿಸಿದರೆ ಎಲ್ಲ ಸರಿಯಾಗೇ ಕಾಣುತ್ತದೆ.

ಅವಳಿಗೆ ಬೇಕಾದದ್ದೂ ಅದೇ. ಖಾಲಿ ಬಲೆ ಹೊತ್ತು ಬರಲಿ. ಬಂದರಿನವರೆಲ್ಲ ಆಡಿಕೊಂಡು ನಗಲಿ. ತಲೆ ತಗ್ಗಿಸುವುದು ಹೇಗಿರುತ್ತದೆಂದು ಅವನಿಗೂ ಗೊತ್ತಾಗಲಿ.

ಪಟ್ಟಿಯ ನೇರಕ್ಕೇ ಪೆನ್ಸಿಲಿನಿಂದ ಗುರುತು ಹಾಕಿದಳು. ಗುಮ್ಮ ಬಗ್ಗಿ ನೋಡಿದ.

“ಅಲ್ಲೇ ಹಾಕ್ತೀಯಾ?”

“ಯಾಕೆ, ನನ್ನ ಕೆಲಸ ನನಗೇ ಹೇಳ್ಕೊಡ್ತೀಯಾ?”

“ಇಲ್ಲಪ್ಪ. ನಿನ್ನಿಷ್ಟ.”

ಡ್ರಿಲ್ ಹಿಡಿಯುವ ಮುನ್ನ ಹೊಸ ಬಣ್ಣ ಕೆರೆದಳು. ಅದರಡಿಯಲ್ಲಿ ಅಂಟು ತುಂಬಿ ಮುಚ್ಚಿದ್ದ ಹಳೇ ತೂತುಗಳು. ಕೊನೆಯದು ಸೊಟ್ಟ.

ಅವಳು ಕೆರೆಯುವುದನ್ನು ಬಿಟ್ಟು ಅದರ ಮೇಲೆ ಬೆರಳಾಡಿಸಿದಳು.

ಆ ಸೊಟ್ಟ ತೂತು ಅವಳದೇ. ಅಪ್ಪನ ನೆರವಿಲ್ಲದೆ ಮಾಡಿದ ಮೊಟ್ಟಮೊದಲ ಕೆಲಸ, ಇದೇ ಬೋಟಿನ ಮೇಲೆ. ಡ್ರಿಲ್ ಜಾರಿ ಅಳು ಬಂದಾಗ “ನಿನ್ನ ಗುರುತಿಗೆ ಇರ್ಲಿ ಬಿಡು” ಎಂದು ಸಮಾಧಾನ ಮಾಡಿದ್ದವನು ಇವನೇ. ಪಟ್ಟಿಯ ಹಿಂದೆ ಕೂರಿಸಬಾರದೆಂದು ಆಗ ಅವಳಿಗೆ ಗೊತ್ತೇ ಇರಲಿಲ್ಲ. ಅಪ್ಪ ಅದನ್ನು ಕಲಿಸಿದ್ದು ಆಮೇಲೆ.

“ಬರ್ತೀನಿ ಅಂದ ದಿನ... ಎಲ್ಲಿದ್ದೆ?”

“ಮರಳು ದಿಬ್ಬದ ಮೇಲೆ.” ಗುಮ್ಮ ನೆಲ ನೋಡಿದ. “ಮಂಜಿತ್ತು. ಬೇಗ ನಿಮ್ಮನೆ ಸೇರೋಣ ಅಂತ ಜೋರಾಗಿ ಬಂದೆ. ಪರದೆಯಲ್ಲಿ ಏನೂ ಕಾಣ್ಲಿಲ್ಲ. ಬೋಟ್ ದಿಬ್ಬ ಹತ್ತಿ ಕೂತ್ಬಿಡ್ತು, ಸೆನ್ಸರೂ ಪುಡಿ. ಮಾರನೇ ದಿನ ನೀರು ಏರಿದ ಮೇಲೇ ಇಳಿದದ್ದು.”

“ಬಾಯಿಗೇನು ಬೀಗ ಹಾಕಿತ್ತಾ?”

“ಹೇಳೋಕೇ ಬಂದಿದ್ದೆ. ನೀನು ನನ್ನ ಮುಖಕ್ಕೆ ಬಕೆಟ್ ನೀರು ಎರಚಿದೆ. ಆಮೇಲೆ ಯೋಚಿಸಿದೆ... ನಿಮ್ಮಪ್ಪ ಆಗಷ್ಟೇ ನಿನ್ನ ಕೈಗೆ ಕೆಲಸ ಕೊಟ್ಟಿದ್ರು. ನೀನು ಕೂರಿಸಿದ ಸೆನ್ಸರೇ ಕಾರಣ ಅಂತ ತಿಳಿದ್ರೆ ಕಿತ್ಕೊಳ್ತಿದ್ರು.”

ತನ್ನ ಅನ್ನ ಉಳಿಸಲು ಇವನು ಕೆಟ್ಟವನಾದನೇ? ಅವನನ್ನು ಶಪಿಸುತ್ತಾ ಕಳೆದ ದಿನಗಳೆಲ್ಲ ಅವಳಿಗೆ ನೆನಪಾದವು.

“ಈಗ್ಲೂ ಅದೇ ಜಾಗ ಗುರುತು ಹಾಕಿದೆನಲ್ಲ, ಯಾಕೆ ಸುಮ್ನಿದ್ದೆ?”

“ಬೇಕಂತಲೇ ಹಾಕ್ತಿದ್ದೀಯ ಅಂತ ಗೊತ್ತಾಯ್ತು. ಇನ್ನೂ ಇಷ್ಟು ಕೋಪ ಇದೆ ಅಂದ್ರೆ... ನನ್ನ ಮರೆತಿಲ್ಲ ತಾನೇ?”

“ಮುಳುಗಿ ಸತ್ತಿದ್ರೆ?”

“ನಿಧಾನಕ್ಕೆ ಓಡಿಸ್ತಿದ್ದೆ. ಬೇರೆಯವರ ಕೈಯಲ್ಲಿ ಹಾಕಿಸೋ ಮನಸ್ಸು ಬರ್ಲಿಲ್ಲ.”

ಅವಳು ಕಣ್ಣೊರೆಸಿಕೊಂಡು ಪೆನ್ಸಿಲ್ ಗುರುತನ್ನು ಉಜ್ಜಿ ಅಳಿಸಿದಳು. ಪಟ್ಟಿಯಿಂದ ದೂರ, ನೀರು ನುಣ್ಣಗೆ ಹರಿಯುವ ಕಡೆ ಅಳೆದು ಸೆನ್ಸರ್ ಕೂರಿಸಿದಳು. ಓಡಿಸಿ ನೋಡದೆ ಬೋಟು ಕೊಡುವುದಿಲ್ಲವೆಂದು ತಾನೂ ಹತ್ತಿದಳು. ಗುಮ್ಮ ವೇಗ ಏರಿಸಿದ. ಪರದೆಯ ಮೇಲೆ ಕಡಲ ತಳದ ಗೆರೆ ಎಲ್ಲೂ ಕಡಿದುಹೋಗಲಿಲ್ಲ.

“ನಾಳೆ ಮನೆಗೆ ಬಾ,” ಎಂದಳು.

“ಅವತ್ತು ಯಾಕೆ ಬರ್ಲಿಲ್ಲ ಅಂತ ನಿಮ್ಮಪ್ಪ ಕೇಳಿದ್ರೆ?”

“ಆ ಸೊಟ್ಟ ತೂತನ್ನ ನಾನೇ ಅಪ್ಪನಿಗೆ ತೋರಿಸ್ತೀನಿ. ಆದ್ರೆ ನೆನಪಿರ್ಲಿ, ಎರಡು ವರ್ಷ ನನ್ನ ಹೊಟ್ಟೆ ಉರಿಸಿದ್ದೀಯ. ಸೇಡು ಬಿಟ್ಟಿಲ್ಲ ನಾನು.”

“ತೀರಿಸ್ಕೋ ಮತ್ತೆ.”

“ಒಂದೇ ಸಲಕ್ಕೆ ಯಾಕೆ?” ಅವಳು ಅವನ ಭುಜಕ್ಕೆ ಒರಗಿದಳು. “ದಿನಾ ಸ್ವಲ್ಪ ಸ್ವಲ್ಪ ತೀರಿಸ್ಕೋತೀನಿ.”