ತೊಳೆದು ಕೊಟ್ಟ ಪೆನ್‌ಡ್ರೈವ್

ಸಿಟ್ಟು ಬಂದರೆ ತಾರೀಖನ ಕಿವಿ ಕೆಂಪಾಗುತ್ತಿದ್ದವು. ಅದನ್ನು ಲಕ್ಷ್ಮೇಶ್ವರದಲ್ಲಿ ಮೊದಲು ಗುರುತಿಸಿದವಳು ಅಮೀರಾ. ಈಗಲೂ ಅವಳ ಕಣ್ಣು ಅವನ ಕೈಯಲ್ಲಿದ್ದ ಪೆನ್‌ಡ್ರೈವಿನ ಮೇಲಿರಲಿಲ್ಲ, ಆ ಕಿವಿಗಳ ಮೇಲಿತ್ತು.

"ಇದರಾಗಿಂದೆಲ್ಲಾ ಎಲ್ಲಿ ಹೋತ್ರಿ?"

"ತೊಳದು ಕೊಟ್ಟೀನ್ರಿ."

"ತೊಳದು?"

"ಮಂದಿ ಮನಿ ಡಬ್ಬಿ ಇಸ್ಕೊಂಡ್ರ ಹಂಗ ತಿರುಗಿ ಕೊಡ್ತಾರೇನ್ರಿ? ತೊಳದು, ಒಳಗ ಏನರ ಒಂದೀಟು ಹಾಕಿ ಕೊಡ್ತೀವಿ. ಇದರಾಗ ಜಾಗಾನ ಇರಲಿಲ್ಲ. ಫಾರ್ಮ್ಯಾಟ್ ಮಾಡಿ, ನಿಮಗಂತ ಒಂದು ಹಾಕೀನಿ."

ತಾರೀಖ ಪೆನ್‌ಡ್ರೈವನ್ನು ಮೇಜಿನ ಮೇಲೆ ಕುಕ್ಕಿದ. ಅವಳು ತೊಳೆದದ್ದು ಒಂದು ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು.

ಅದು ಅಮೀರಾ ದಾದಾ ಎಂದು ಕರೆಯುವ ಅವಳ ಅಜ್ಜ ಮುರ್ತುಜಾಸಾಬರ ಕಾಳಿನ ಗೋದಾಮು. ಒಂದು ಮೂಲೆಯಲ್ಲಿ ಅವಳು ಓಣಿಯ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಬೇಕೆಂದು ಹಳೆಯ ಮಷಿನ್ನುಗಳನ್ನು ಕೂಡಿಹಾಕಿದ್ದಳು. ಒಂದರಲ್ಲೂ ಹಾರ್ಡ್‌ಡಿಸ್ಕ್ ಬದುಕಿರಲಿಲ್ಲ. ಬೆಟಗೇರಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ತಾರೀಖ ಅದಕ್ಕೊಂದು ದಾರಿ ಹುಡುಕಿದ್ದ. ಪೆನ್‌ಡ್ರೈವ್ ಹಾಕಿ ಚಾಲೂ ಮಾಡಿದರೆ ಸಿಸ್ಟಮ್ ಪೂರ್ತಿ ಮೆಮೊರಿಗೆ ಏರುತ್ತಿತ್ತು. ಆಮೇಲೆ ಅದನ್ನೇ ಕಿತ್ತು ಮುಂದಿನದಕ್ಕೆ ಹಾಕಬಹುದು. ಕರೆಂಟು ಹೋದರೆ ಮಾತ್ರ ಮಷಿನ್ನು ಎಲ್ಲವನ್ನೂ ಮರೆತುಬಿಡುತ್ತಿತ್ತು. ಹಿಂದಿನ ದಿನ ಅದನ್ನೆಲ್ಲ ಹೇಳಿಕೊಟ್ಟು, ರೂಢಿ ಮಾಡಿಕೊಳ್ಳಲೆಂದು ಪೆನ್‌ಡ್ರೈವನ್ನು ಅವಳ ಬಳಿಯೇ ಬಿಟ್ಟುಹೋಗಿದ್ದ.

ಅಜ್ಜನ ಮಾತು ಒಂದೇ. ತಾನು ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ಎಲ್ಲ ಮಷಿನ್ನು ಚಾಲೂ ಆಗಿರಬೇಕು, ಇಲ್ಲದಿದ್ದರೆ ಆ ಮೂಲೆ ಕಡಲೆ ಚೀಲಕ್ಕೆ. ಚೀಲ ಹೇರಿದ ಗಾಡಿ ಆಗಲೇ ಬಾಗಿಲಲ್ಲಿತ್ತು. ಬೆಟಗೇರಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಮೊಬೈಲ್ ನೆಟ್ಟಿನಲ್ಲಿ ಇಳಿಸಲು ಕುಳಿತರೆ ಸಂಜೆಯಾಗುತ್ತಿತ್ತು.

"ಮಾಸ್ತರು ಒಂಬತ್ತನೇ ಕ್ಲಾಸಿನ್ಯಾಗ ನಂಗ ಇದನ್ನ ಹೇಳಿದ್ರು, ನಿನ್ನ ಕೈಲೆ ಏನೂ ಆಗಂಗಿಲ್ಲಂತ. ಪಾಟಿಚೀಲ ಅಲ್ಲೇ ಒಗದು ಬಂದೆ," ಎಂದು ತಾರೀಖ ಹಲ್ಲು ಕಚ್ಚಿದ. "ಇವತ್ತ ನಿಮ್ಮ ದಾದಾನೂ ಅದನ್ನ ಅಂತಾರ."

"ಬೈರಿ ನಂಗ. ಬೈದು ಮುಗಸ್ರಿ. ಆಮ್ಯಾಲೆ ಏನ ಮಾಡೋದು ಹೇಳ್ರಿ."

ಬೈಯಲೆಂದೇ ಅವನು ಬಾಯಿ ತೆರೆದ. ಅಷ್ಟರಲ್ಲಿ ಗುಂಯ್ ಎನ್ನುವ ಸಣ್ಣ ಸದ್ದು ಕಿವಿಗೆ ಬಿತ್ತು. ಕಿಟಕಿ ಪಕ್ಕದ ಮಷಿನ್ನು.

"ಅದು ಚಾಲೂ ಐತೇನು?"

"ಮುಂಜಾನೆ ನಾನ ಹಚ್ಚೀನಿ. ನೀವು ಬಂದು ನೋಡಲಿ ಅಂತ ಆರಿಸಿಲ್ಲ."

ತಾರೀಖ ಎರಡು ಚೀಲ ಹಾರಿ ಅದರ ಮುಂದೆ ಕುಳಿತ. ತೊಳೆದುಹೋದದ್ದೆಲ್ಲ ಆ ಮಷಿನ್ನಿನ ಮೆಮೊರಿಯಲ್ಲಿ ಇಡಿಯಾಗಿ ಇತ್ತು. ಮತ್ತೆ ಪೆನ್‌ಡ್ರೈವಿಗೆ ಇಳಿಸಬಹುದು, ಕರೆಂಟು ಹೋಗುವುದರೊಳಗೆ. ತಲೆಯ ಮೇಲಿನ ಟ್ಯೂಬ್‌ಲೈಟು ಒಮ್ಮೆ ಮಿಣುಕಿತು.

"ಪೆನ್‌ಡ್ರೈವನ್ನ ಪೂರಾ ಅಳಸಬೇಕಾಗತೈತಿ. ನೀವು ನನಗಂತ ಹಾಕಿದ್ದು..."

ಅಮೀರಾ ಮೇಜಿನ ಮೇಲಿದ್ದ ಪೆನ್‌ಡ್ರೈವನ್ನು ತಂದು ಅವನ ಕೈಗಿಟ್ಟಳು. ರಾತ್ರಿ ಎಷ್ಟು ಸಲ ಹೇಳಿ, ಎಷ್ಟು ಸಲ ಅಳಿಸಿ, ಕೊನೆಗೆ ಧೈರ್ಯ ಮಾಡಿ ರೆಕಾರ್ಡ್ ಮಾಡಿದ ಮಾತು ಅದರಲ್ಲಿತ್ತು.

"ಅಳಸ್ರಿ. ನಂಗೇನು ಬಾಯಿಲ್ಲೇನು."

ಅವನು ಅಳಿಸಿದ.

ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಗೋಡೆಯ ಪ್ಲಗ್ಗು ಸಡಿಲ. ಅಮೀರಾ ಬಗ್ಗಿ ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಅವಳ ದುಪಟ್ಟಾದ ಅಂಚು ಅವನ ಮೊಣಕೈಗೆ ತಾಗಿತು. ಅವನು ಸರಿಯಲಿಲ್ಲ.

"ಕಿವಿ ಇನ್ನೂ ಕೆಂಪ ಅದಾವು," ಎಂದಳು.

"ಈಗ ಸಿಟ್ಟಿಲ್ಲ."

"ಮತ್ತ್ಯಾಕ?"

"ಪ್ಲಗ್ಗ ನೋಡ್ರಿ ಸುಮ್ಮ."

ಪಟ್ಟಿ ತುಂಬಿತು. ತಾರೀಖ ಪೆನ್‌ಡ್ರೈವ್ ಕಿತ್ತು ಮುಂದಿನ ಮಷಿನ್ನಿಗೆ ಹಾಕಿದ. ಅದು ಹತ್ತಿತು. ಅದರ ಮುಂದಿನದೂ ಹತ್ತಿತು. ಹೊರಗೆ ಕಾದಿದ್ದ ಹುಡುಗಿಯರು ಚಪ್ಪಲಿ ಬಿಟ್ಟು ನುಗ್ಗಿ ಬಂದರು. ಕೊನೆಯ ಪರದೆ ಬೆಳಗುವಾಗ ಮುರ್ತುಜಾಸಾಬರು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು. ಬಹಳ ಹೊತ್ತು ನೋಡಿದರು.

"ಚೀಲ ಆ ಕಡೆ ಇಳಸ್ರಲೇ," ಎಂದು ಹಮಾಲರಿಗೆ ಹೇಳಿ ತಕ್ಕಡಿಯ ಕಡೆ ನಡೆದರು.

ತಾರೀಖ ಅಮೀರಾಳ ಕಡೆ ತಿರುಗಿದ. "ಏನ ಹಾಕಿದ್ರಿ ಅದರಾಗ?"

ಅವಳು ಈ ಸಲ ಕಿವಿಗಳನ್ನು ನೋಡಲಿಲ್ಲ, ಅವನ ಕಣ್ಣನ್ನೇ ನೋಡಿದಳು. "ನಿಮ್ಮ ಸಿಟ್ಟಿಗೆ ಮಂದಿ ಹೆದರಿ ದೂರ ಕುಂಡ್ರತಾರ. ನಂಗ ಬಾಜೂಕ ಕುಂಡ್ರಬೇಕು ಅನಸ್ತೈತಿ. ಜೀವ ಇರೋತನಾ. ಇಷ್ಟ ಹೇಳಿದ್ದೆ."

ತಾರೀಖ ಸೀದಾ ತಕ್ಕಡಿಯ ಮುಂದೆ ಹೋಗಿ ನಿಂತ.

"ಸಾಹೇಬ್ರ, ಅಮೀರಾನ್ನ ನಂಗ ಕೊಡ್ರಿ."

ಹಮಾಲರು ಬೆನ್ನ ಮೇಲೆ ಚೀಲ ಹೊತ್ತಂತೆಯೇ ನಿಂತರು. ಮುದುಕರು ಹುಬ್ಬೇರಿಸಿದರು. "ಹೆಣ್ಣ ಕೇಳಾಕ ಬಂದೀಯೋ, ಜಗಳಾ ತಗ್ಯಾಕ ಬಂದೀಯೋ?"

"ಅವರು ಕೇಳೋದ ಹಂಗ, ದಾದಾ," ಎಂದಳು ಅಮೀರಾ, ಅವನ ಪಕ್ಕಕ್ಕೆ ಬಂದು ನಿಂತು. "ನೀವು ಹೂಂ ಅಂದುಬಿಡ್ರಿ."

"ಇಬ್ಬರೂ ಕೂಡಿ ದಬಾಯಿಸಿದ್ರ ನಾ ಮುದುಕ ಏನ ಮಾಡ್ಲೆಪಾ. ಹೂಂ."

ಒಳಗಿನಿಂದ ಹುಡುಗಿಯರ ಕೇಕೆ ಎದ್ದಿತು.